ಎ320, ಎ321 ಬೇರೆ ಬೇರೆ ವಿಮಾನಗಳಾ? ಹೊರಡುವ ಮುಂಚೆ ನಾಯಿ ಬೊಗಳಿದ ಹಾಗೆ ಸದ್ದು ಯಾಕೆ?

ಪ್ರಶ್ನೆ: ಬೆಂಗಳೂರಿಂದ ದೆಹಲಿಗೆ ಹೋಗುವಾಗ ಟಿಕೆಟ್‌ನಲ್ಲಿ ಏರ್‌ಬಸ್ ಎ320 ಅಂತಿತ್ತು, ವಾಪಸ್ ಬರುವಾಗ ಎ321. ಒಳಗೆ ಎರಡೂ ಒಂದೇ ಥರ ಕಂಡವು. ಇವು ಬೇರೆ ವಿಮಾನಗಳಾ? ಸುಮ್ನೆ ಹೆಸರು ಬೇರೆಯಾ? ಇನ್ನೊಂದು, ವಿಮಾನ ಹೊರಡುವ ಮುಂಚೆ ಕಾಲ ಕೆಳಗಿಂದ ನಾಯಿ ಬೊಗಳಿದ ಹಾಗೆ ಸದ್ದು ಬಂತು. ಹೆದರಬೇಕಾ?

ಉತ್ತರ:

ಮೊದಲು ನಾಯಿ ವಿಷಯ ಮುಗಿಸೋಣ. ನಿಮ್ಮನ್ನು ನಿಜವಾಗಿ ಕಾಡಿದ್ದು ಅದೇ ಇರಬೇಕು.

ನಾನು ವಿಮಾನ ಹಾರಿಸುವವನಲ್ಲ. ಅದು ಬಂದು ನಿಂತ ಮೇಲೆ ಕೈಯಲ್ಲಿ ಟಾರ್ಚ್ ಹಿಡಿದು ಸುತ್ತು ಹಾಕುತ್ತಾರಲ್ಲ, ಹೊಳೆಯುವ ಜಾಕೆಟ್‌ನವರು, ಅವರಲ್ಲಿ ಒಬ್ಬ. ಹನ್ನೊಂದು ವರ್ಷದಿಂದ ಇದೇ ಕೆಲಸ, ಅದರಲ್ಲೂ ಜಾಸ್ತಿ ಎ320 ಕುಟುಂಬದ ಮೇಲೆ. ಮೂರು ವರ್ಷದ ಹಿಂದೆ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೊರಟಿದ್ದೆ. ಅವರಿಗೆ ಅದು ಮೊದಲ ವಿಮಾನ. ಪುಶ್‌ಬ್ಯಾಕ್ ಆಯಿತು (ಅಂದರೆ ವಿಮಾನವನ್ನು ಹಿಂದಕ್ಕೆ ತಳ್ಳಿದರು), ಎಂಜಿನ್ ಶುರುವಾಯಿತು, ಕೆಳಗಿಂದ ಭರ್ರ್... ಭರ್ರ್... ಅಂತ ಸದ್ದು. ಅಮ್ಮ ನನ್ನ ಕೈ ಹಿಡಿದು, "ಕೆಳಗೆ ಯಾರೋ ಗರಗಸ ಹಾಕ್ತಿದಾರೆ ಕಣೋ, ನೀನು ಇಲ್ಲಿ ಆರಾಮಾಗಿ ಕೂತಿದೀಯಲ್ಲ, ಹೋಗಿ ನೋಡ್ಬಾರದಾ?" ಅಂದರು. ಮುಂದಿನ ಸಾಲಿನವರು ತಿರುಗಿ ನನ್ನನ್ನೇ ನೋಡಿದರು.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವಿಮಾನದ ಚಕ್ರ, ಬ್ರೇಕು, ರೆಕ್ಕೆಯ ಫ್ಲ್ಯಾಪು (ರೆಕ್ಕೆಯ ಹಿಂದೆ ಹೊರಚಾಚುವ ಹಲಗೆ), ಇವನ್ನೆಲ್ಲ ಅಲುಗಾಡಿಸುವುದು ಎಣ್ಣೆಯ ಒತ್ತಡ. ಎ320ಯಲ್ಲಿ ಅದಕ್ಕೆ ಮೂರು ಬೇರೆ ಬೇರೆ ಕೊಳವೆ ಜಾಲ ಇವೆ. ಹಸಿರು, ಹಳದಿ, ನೀಲಿ ಅಂತ ಹೆಸರು. ಹಸಿರಿಗೆ ಒಂದನೇ ಎಂಜಿನ್ ಒತ್ತಡ ಕೊಡುತ್ತದೆ, ಹಳದಿಗೆ ಎರಡನೆಯದು, ನೀಲಿಗೆ ಕರೆಂಟಿನ ಪಂಪು. ಹಸಿರಿಗೂ ಹಳದಿಗೂ ಮಧ್ಯೆ ಪಿಟಿಯು ಅಂತ ಒಂದು ಯಂತ್ರ ಕೂರಿಸಿದ್ದಾರೆ. ಒಂದು ಕಡೆ ಒತ್ತಡ ಇದ್ದು ಇನ್ನೊಂದು ಕಡೆ ಕಡಿಮೆಯಾದರೆ, ಅಂದರೆ ವ್ಯತ್ಯಾಸ 500 ಪಿಎಸ್‌ಐ (ಒತ್ತಡದ ಅಳತೆ) ದಾಟಿದರೆ, ಅದು ತಾನಾಗಿ ತಿರುಗಿ ಕಡಿಮೆ ಇರುವ ಕಡೆ ಒತ್ತಡ ಹುಟ್ಟಿಸುತ್ತದೆ. ಈ ಕಡೆ ಎಣ್ಣೆ ಆ ಕಡೆ ಹೋಗುವುದಿಲ್ಲ, ಮಧ್ಯೆ ಒಂದು ದಂಡ ಮಾತ್ರ ತಿರುಗುವುದು. ಒತ್ತಡ ಸಮ ಆಯಿತು, ನಿಂತಿತು. ಮತ್ತೆ ಇಳಿಯಿತು, ಮತ್ತೆ ತಿರುಗಿತು. ಈ ನಿಲ್ಲು-ತಿರುಗು ಆಟವೇ ನಿಮಗೆ ಬೊಗಳುವ ಹಾಗೆ ಕೇಳಿಸಿದ್ದು.

ಡೀಸೆಲ್ ಉಳಿಸಲು ಇಳಿಜಾರಲ್ಲಿ ಎಂಜಿನ್ ಆಫ್ ಮಾಡುವ ಬಸ್ ಡ್ರೈವರ್‌ಗಳನ್ನು ನೀವು ನೋಡಿರಬಹುದು. ಪೈಲಟ್‌ಗಳೂ ನೆಲದ ಮೇಲೆ ಎಷ್ಟೋ ಸಲ ಒಂದೇ ಎಂಜಿನ್‌ನಲ್ಲಿ ಓಡಿಸುತ್ತಾರೆ, ಇಂಧನ ಉಳಿಯಲಿ ಅಂತ. (ಆ ಡ್ರೈವರ್ ಮಾಡುವುದು ತಪ್ಪು, ಇವರು ಮಾಡುವುದು ನಿಯಮದ ಪ್ರಕಾರ!) ಆಗ ಪಿಟಿಯುಗೆ ಕೆಲಸ. ಎರಡನೇ ಎಂಜಿನ್ ಶುರು ಮಾಡುವಾಗಲೂ ಅದು ಒಮ್ಮೆ ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುತ್ತದೆ. ಯಂತ್ರ ಇರುವುದು ಮುಖ್ಯ ಚಕ್ರಗಳು ಮಡಚಿಕೊಳ್ಳುವ ಗೂಡಿನ ಹತ್ತಿರ. ಹಾಗಾಗಿ ರೆಕ್ಕೆಯ ಆಸುಪಾಸು ಕೂತವರಿಗೇ ಜೋರಾಗಿ ಕೇಳಿಸುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಗೂಡಿನ ಕೆಳಗೆ ನಿಂತಿದ್ದಾಗ ಇದು ಹೇಳದೆ ಕೇಳದೆ ಶುರುವಾಗಿ, ನಾನು ಕೈಲಿದ್ದ ಸ್ಪ್ಯಾನರ್ ಬಿಟ್ಟು ಎರಡು ಮಾರು ಆಚೆ ಹಾರಿದ್ದೆ. ಆ ಸ್ಪ್ಯಾನರ್ ಎಲ್ಲಿ ಬಿತ್ತು ಅಂತ ಹುಡುಕಿ, ಲೆಕ್ಕ ಒಪ್ಪಿಸುವವರೆಗೆ ವಿಮಾನ ಬಿಡಲಿಲ್ಲ ನಮ್ಮ ಸೀನಿಯರ್. ನಮ್ಮಲ್ಲಿ ಒಂದೊಂದು ಉಪಕರಣಕ್ಕೂ ಲೆಕ್ಕ.

ಈಗ ನಿಮ್ಮ ಮೊದಲ ಪ್ರಶ್ನೆ. ಎ320, ಎ321 ಬೇರೆ ವಿಮಾನಗಳಲ್ಲ. ಒಂದೇ ವಿಮಾನ, ಉದ್ದ ಬೇರೆ.

ಎ320ಯ ಉದ್ದ 37.57 ಮೀಟರ್. ಅದರ ಹೊಟ್ಟೆಯನ್ನು ರೆಕ್ಕೆಯ ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ ಕತ್ತರಿಸಿದ ಹಾಗೆ ಮಾಡಿ, ಮುಂದೆ 4.27 ಮೀಟರ್, ಹಿಂದೆ 2.67 ಮೀಟರ್ ತುಂಡು ಸೇರಿಸಿದರೆ ಎ321. ಒಟ್ಟು 44.51 ಮೀಟರ್. ಕಡಿಮೆ ಮಾಡಿದರೆ 33.84 ಮೀಟರ್‌ನ ಎ319. ಅದಕ್ಕಿಂತ ಮೋಟು ಎ318, ಅದು ಹೆಚ್ಚು ಮಾರಾಟವಾಗಲಿಲ್ಲ. ಅಗಲ ಎಲ್ಲದಕ್ಕೂ ಒಂದೇ, ಹೊರಗಿನಿಂದ 3.95 ಮೀಟರ್. ಅದಕ್ಕೇ ಒಳಗೆ ನಿಮಗೆ ಏನೂ ಗೊತ್ತಾಗಲಿಲ್ಲ. ಮೂರು ಸೀಟು, ದಾರಿ, ಮೂರು ಸೀಟು.

ನಮ್ಮ ಕಡೆ ಎ320ನಿಯೋದಲ್ಲಿ (ನಿಯೋ ಏನು ಅಂತ ಮುಂದೆ ಹೇಳುತ್ತೇನೆ) ಹೆಚ್ಚಾಗಿ 180 ಅಥವಾ 186 ಸೀಟು ಹಾಕುತ್ತಾರೆ, ಎ321ನಿಯೋದಲ್ಲಿ 222ರಿಂದ 232. ಅಷ್ಟು ಭಾರ ಹೊರಬೇಕಲ್ಲ, ಹಾಗಾಗಿ ಎ321ಗೆ ಚಕ್ರದ ಕಾಲು ಗಟ್ಟಿ ಮಾಡಿದ್ದಾರೆ, ರೆಕ್ಕೆಯ ಹಿಂದಿನ ಫ್ಲ್ಯಾಪು ಎರಡು ಮಡಿಕೆಯದು. ಬಾಲ ಉದ್ದ ಇರುವುದರಿಂದ ಮೂತಿ ಜಾಸ್ತಿ ಎತ್ತಿಬಿಟ್ಟರೆ ಹಿಂಭಾಗ ರನ್‌ವೇಗೆ ಉಜ್ಜುವ ಅಪಾಯ ಇದರಲ್ಲಿ ಹೆಚ್ಚು. ಪೈಲಟ್‌ಗಳು ಇದನ್ನು ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ. ಮಿಕ್ಕಂತೆ ಕಾಕ್‌ಪಿಟ್ ಅದೇ, ಗುಂಡಿಗಳು ಅದೇ, ಲೈಸೆನ್ಸ್ ಮೇಲಿನ ಪರವಾನಗಿಯೂ ಅದೇ. ಬೆಳಿಗ್ಗೆ ಎ320 ಹಾರಿಸಿದವರು ಮಧ್ಯಾಹ್ನ ಎ321 ಹಾರಿಸಬಹುದು. ಕಂಪನಿಗಳಿಗೆ ಈ ಕುಟುಂಬ ಇಷ್ಟವಾಗಿರುವುದು ಮುಖ್ಯವಾಗಿ ಇದಕ್ಕೇ. ಒಂದೇ ತರಬೇತಿ, ಒಂದೇ ಬಿಡಿಭಾಗದ ಗೋದಾಮು. ಜನ ಕಡಿಮೆ ಇದ್ದರೆ ಸಣ್ಣದು, ಹಬ್ಬದ ರಶ್ ಇದ್ದರೆ ದೊಡ್ಡದು. 'ನಿಯೋ' ಅಂದರೆ ಹೊಸ ಎಂಜಿನ್‌ನದು ಅಂತ ಅಷ್ಟೇ, ಮೊದಲನೆಯದು 2016ರ ಜನವರಿಯಲ್ಲಿ ಲುಫ್ತಾನ್ಸಾಗೆ ಹೋಯಿತು.

ಈ ಏರ್‌ಬಸ್ ಹುಟ್ಟಿದ ಕಥೆ ನನಗೆ ಬಲು ಇಷ್ಟ. 1960ರ ದಶಕದಲ್ಲಿ ದೊಡ್ಡ ವಿಮಾನ ಅಂದರೆ ಅಮೆರಿಕದ್ದೇ. ಯುರೋಪಿನ ಯಾವ ಒಂದು ದೇಶಕ್ಕೂ ಬೋಯಿಂಗ್ ಎದುರು ಒಂಟಿಯಾಗಿ ನಿಲ್ಲುವ ತಾಕತ್ತು ಇರಲಿಲ್ಲ. ಫ್ರಾನ್ಸ್ ಮತ್ತು ಜರ್ಮನಿ 1969ರ ಮೇ ತಿಂಗಳಲ್ಲಿ ಪ್ಯಾರಿಸ್ ಏರ್ ಶೋನಲ್ಲಿ ಸಹಿ ಹಾಕಿದವು, 1970ರ ಡಿಸೆಂಬರ್‌ನಲ್ಲಿ ಏರ್‌ಬಸ್ ಇಂಡಸ್ಟ್ರಿ ಶುರುವಾಯಿತು. ಆಮೇಲೆ ಸ್ಪೇನ್ ಸೇರಿತು. ಬ್ರಿಟನ್ನಿನ ಸರ್ಕಾರ ಹಿಂದೆ ಸರಿದರೂ ಅಲ್ಲಿನ ಹಾಕರ್ ಸಿಡ್ಲಿ ಕಂಪನಿ ರೆಕ್ಕೆ ಮಾಡಿಕೊಡುತ್ತಲೇ ಇತ್ತು. ಇವತ್ತಿಗೂ ರೆಕ್ಕೆ ಬರುವುದು ವೇಲ್ಸ್‌ನ ಬ್ರಾಟನ್ ಊರಿಂದ.

ಆಗಿನ ಮುಖ್ಯ ಎಂಜಿನಿಯರ್ ರೋಜೆ ಬೆತೇಯ್ ಫ್ರಾನ್ಸಿನವರು. ಆದರೆ ಅವರು ಹಾಕಿದ ನಿಯಮ ನೋಡಿ: ಕೆಲಸದ ಭಾಷೆ ಇಂಗ್ಲಿಷ್, ಅಳತೆ ಮೆಟ್ರಿಕ್ ಅಲ್ಲ. ಯಾಕೆಂದರೆ ಕೊಳ್ಳುವ ಕಂಪನಿಗಳ ವರ್ಕ್‌ಶಾಪುಗಳಲ್ಲೆಲ್ಲ ಅಮೆರಿಕದ ಇಂಚಿನ ಉಪಕರಣಗಳೇ ಇದ್ದವು. ಫ್ರಾನ್ಸ್‌ನವರು ತಮ್ಮ ಭಾಷೆ, ತಮ್ಮದೇ ಮೀಟರ್ ಎರಡನ್ನೂ ಬಿಟ್ಟುಕೊಟ್ಟು ವಿಮಾನ ಮಾಡಿದ್ದು ಸಣ್ಣ ಮಾತಲ್ಲ ಅಲ್ವಾ? ನನ್ನ ಡಬ್ಬದಲ್ಲಿ ಇಂಚಿನ ಸ್ಪ್ಯಾನರ್‌ಗಳೇ ತುಂಬಿರುವುದಕ್ಕೂ ಅವರೇ ಕಾರಣ.

ಮೊದಲ ವಿಮಾನ ಎ300. ಮುನ್ನೂರು ಜನ ಕೂರುವಂಥದ್ದು ಅಂತ ಆ ಹೆಸರು. ಆಮೇಲೆ ಗಾತ್ರ ಸುಮಾರು 250ಕ್ಕೆ ಇಳಿಸಿದರು, ಹೆಸರು ಮಾತ್ರ ಹಾಗೇ ಉಳಿಯಿತು. ಎರಡೇ ಎಂಜಿನ್‌ನ ಅಗಲ ಹೊಟ್ಟೆಯ ಪ್ರಯಾಣಿಕ ವಿಮಾನ ಜಗತ್ತಿನಲ್ಲಿ ಅದೇ ಮೊದಲು. 1972ರ ಅಕ್ಟೋಬರ್ 28ರಂದು ಫ್ರಾನ್ಸಿನ ಟುಲೂಸ್‌ನಲ್ಲಿ ಹಾರಿತು, 1974ರಲ್ಲಿ ಏರ್ ಫ್ರಾನ್ಸ್ ಬಳಸಲು ಶುರು ಮಾಡಿತು. ನಮ್ಮ ಇಂಡಿಯನ್ ಏರ್‌ಲೈನ್ಸ್ 1976ರಲ್ಲೇ ತಂದುಕೊಂಡಿತ್ತು. ಆದರೆ ಅಷ್ಟರಲ್ಲಿ ವ್ಯಾಪಾರ ಬಿದ್ದುಹೋಗಿತ್ತು. ಕೊಳ್ಳುವವರಿಲ್ಲದೆ, ಬಾಲಕ್ಕೆ ಯಾವ ಕಂಪನಿಯ ಬಣ್ಣವೂ ಬೀಳದ ಬಿಳಿ ವಿಮಾನಗಳು ಟುಲೂಸ್‌ನಲ್ಲಿ ನಿಂತಿದ್ದವು. 1977ರಲ್ಲಿ ಏರ್‌ಬಸ್‌ನವರು ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ಗೆ ನಾಲ್ಕು ವಿಮಾನ ಕೊಟ್ಟು, ಆರು ತಿಂಗಳು ಓಡಿಸಿ ನೋಡಿ, ಬಾಡಿಗೆ ಬೇಡ ಅಂದರು. ಆ ಕಂಪನಿಯ ಮುಖ್ಯಸ್ಥರು ಫ್ರಾಂಕ್ ಬೋರ್ಮನ್, ಅಪೊಲೊ 8ರಲ್ಲಿ ಚಂದ್ರನ ಸುತ್ತ ಹೋಗಿಬಂದವರು. ಓಡಿಸಿ ನೋಡಿದರು, ಇಂಧನ ಉಳಿಯಿತು, 23 ವಿಮಾನ ಕೊಂಡರು. ಪುಕ್ಕಟೆ ರುಚಿ ತೋರಿಸಿ ಮಾವಿನಹಣ್ಣು ಮಾರುವ ಉಪಾಯವೇ ಇದು.

ಎ320 ಬಂದಿದ್ದು ಅದಾದ ಮೇಲೆ. 1987ರ ಫೆಬ್ರವರಿ 22ರಂದು ಮೊದಲ ಹಾರಾಟ. ಇದರಲ್ಲಿ ಪೈಲಟ್ ಮುಂದೆ ದೊಡ್ಡ ಸ್ಟೀರಿಂಗ್ ಇಲ್ಲ. ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ, ಸೈಡ್‌ಸ್ಟಿಕ್. ಮುಂದಿನ ಖಾಲಿ ಜಾಗದಲ್ಲಿ ಊಟಕ್ಕೆ ಎಳೆದುಕೊಳ್ಳುವ ಮೇಜು! ಕಡ್ಡಿ ಅಲ್ಲಾಡಿಸಿದರೆ ಸಂದೇಶ ಕಂಪ್ಯೂಟರ್‌ಗೆ ಹೋಗಿ, ಅದು ರೆಕ್ಕೆ-ಬಾಲದ ಭಾಗಗಳನ್ನು ಆಡಿಸುತ್ತದೆ. ಎಲ್ಲ ಸರಿ ಇರುವಾಗ ಪೈಲಟ್ ಕಡ್ಡಿಯನ್ನು ಪೂರ್ತಿ ಒಂದು ಬದಿಗೆ ತಳ್ಳಿ ಹಿಡಿದರೂ ವಿಮಾನ 67 ಡಿಗ್ರಿಗಿಂತ ಜಾಸ್ತಿ ವಾಲುವುದಿಲ್ಲ. ಪ್ರಯಾಣಿಕ ವಿಮಾನಗಳಲ್ಲಿ ಪೂರ್ತಿ ಡಿಜಿಟಲ್ ಆದ ಈ ವ್ಯವಸ್ಥೆ ತಂದಿದ್ದು ಇದೇ ಮೊದಲು.

ಬೆಂಗಳೂರಿನವರಿಗೆ ಎ320 ಅಂದರೆ ಒಂದು ಕೆಟ್ಟ ನೆನಪೂ ಇದೆ. ಹೇಳದೆ ಬಿಟ್ಟರೆ ಸರಿಯಲ್ಲ. 1990ರ ಫೆಬ್ರವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ವಿಮಾನ ಹೊಚ್ಚ ಹೊಸದು. ಇಳಿಯುವ ಹೊತ್ತಿಗೆ ಅದು ಎಂಜಿನ್‌ಗಳನ್ನು ಅತಿ ಕಡಿಮೆ ಶಕ್ತಿಯಲ್ಲಿಟ್ಟು ಇಳಿಸುವ ವಿಧಾನದಲ್ಲಿತ್ತು. ವೇಗವೂ ಎತ್ತರವೂ ಕುಸಿಯುತ್ತಿರುವುದು ಕಾಕ್‌ಪಿಟ್‌ನಲ್ಲಿ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ಕಂಪನಿಯ ಬೇರೆ ಎ320ಗಳನ್ನೂ ಆಮೇಲೆ ಹಾರಲು ಬಿಡದೆ ನಿಲ್ಲಿಸಿದರು. ನಾನು ತರಬೇತಿಯಲ್ಲಿದ್ದಾಗ ಪಾಠ ಮಾಡಿದ ಮೇಷ್ಟ್ರು ಈ ಘಟನೆಗೆ ಒಂದು ಇಡೀ ದಿನ ಇಟ್ಟಿದ್ದರು. ಯಂತ್ರ ಯಾವ ವಿಧಾನದಲ್ಲಿದೆ ಅಂತ ತೋರಿಸುವ ಪರದೆಯ ಮೇಲಿನ ಒಂದೊಂದು ಅಕ್ಷರವನ್ನೂ ನಮ್ಮ ಕೈಲಿ ಬರೆಸಿದರು.

ಕರ್ನಾಟಕದ ನಂಟು ಬರೀ ಅಷ್ಟೇ ಅಲ್ಲ. ಎ320ಯ ಮುಂದಿನ ಪ್ರಯಾಣಿಕರ ಬಾಗಿಲುಗಳನ್ನು ಎಚ್‌ಎಎಲ್ ಮಾಡಿಕೊಟ್ಟಿದೆ. ಫ್ಲ್ಯಾಪು ಜಾರಿ ಹೊರಬರಲು ಆಧಾರವಾಗುವ ತೊಲೆಗಳನ್ನು ಬೆಂಗಳೂರಿನ ಡೈನಮ್ಯಾಟಿಕ್ ಮಾಡುತ್ತದೆ. ಬೆಳಗಾವಿಯ ಏಕಸ್‌ನಿಂದಲೂ ಬಿಡಿಭಾಗ ಹೋಗುತ್ತವೆ.

ದೊಡ್ಡ ಅಣ್ಣಂದಿರ ವಿಷಯ ಚುಟುಕಾಗಿ: ಎ330 ಹೊಟ್ಟೆಯ ಅಗಲದಲ್ಲಿ ಹಳೇ ಎ300ದೇ ತದ್ರೂಪು. ಎ350 ಪೂರ್ತಿ ಹೊಸದು, ಕಾಕ್‌ಪಿಟ್ ಕಿಟಕಿಗೆ ಕಪ್ಪು ಕನ್ನಡಕ ಹಾಕಿದ ಹಾಗೆ ಕಾಣುತ್ತದೆ. ಏರ್ ಇಂಡಿಯಾದ ಮೊದಲ ಎ350 ಪ್ರಯಾಣಿಕರನ್ನು ಹೊತ್ತು ಹಾರಿದ್ದು 2024ರ ಜನವರಿಯಲ್ಲಿ, ಬೆಂಗಳೂರು–ಮುಂಬೈ ನಡುವೆ. ಎರಡಂತಸ್ತಿನ ಎ380ಯ ತಯಾರಿ 2021ರಲ್ಲಿ ನಿಂತಿತು. ಒಟ್ಟು 251 ಮಾಡಿ ಕೊಟ್ಟರು. ಎ220 ದತ್ತು ಮಗು, ಅದು ಕೆನಡಾದ ಬೊಂಬಾರ್ಡಿಯರ್‌ನದು, 2018ರಲ್ಲಿ ಏರ್‌ಬಸ್ ಮನೆಗೆ ಬಂತು.

ಮುಂದಿನ ಸಲ ಗುರುತಿಸಬೇಕಾ? ಏರೋಬ್ರಿಡ್ಜ್‌ಗೆ ಹೋಗುವ ಮುಂಚೆ ಗಾಜಿನಾಚೆ ರೆಕ್ಕೆಯ ಮೇಲಿನ ಸಣ್ಣ ತುರ್ತು ಬಾಗಿಲುಗಳನ್ನು ನೋಡಿ. ಎ320ಗೆ ಪ್ರತಿ ಬದಿಗೆ ಎರಡು ಇರುತ್ತವೆ, ಎ319ಗೆ ಸಾಮಾನ್ಯವಾಗಿ ಒಂದು. ಹಳೇ ಎ321ಗೆ ಅಲ್ಲಿ ಇಲ್ಲವೇ ಇಲ್ಲ, ಅದರ ಬದಲು ರೆಕ್ಕೆಯ ಹಿಂದೆ-ಮುಂದೆ ಪೂರ್ತಿ ಬಾಗಿಲು. ಹೊಸ ಎ321ನಿಯೋಗಳಲ್ಲಿ ಮಾತ್ರ ಇದನ್ನು ಬದಲಾಯಿಸಿ ಗೊಂದಲ ಮಾಡಿಟ್ಟಿದ್ದಾರೆ, ನಾವೇ ಕೆಲವೊಮ್ಮೆ ಎರಡು ಸಲ ನೋಡುತ್ತೇವೆ. ಅಷ್ಟೆಲ್ಲ ಕಷ್ಟ ಬೇಡ ಅಂದರೆ, ಸೀಟಿನ ಮುಂದಿನ ಚೀಲದಲ್ಲಿ ಸುರಕ್ಷತೆಯ ಕಾರ್ಡ್ ಇರುತ್ತದೆ, ಮೇಲುಗಡೆಯೇ ಹೆಸರು ಅಚ್ಚಾಗಿರುತ್ತದೆ. ಅಮ್ಮ ಕಾಶಿಯಿಂದ ವಾಪಸ್ ಬರುವಾಗ ಕನ್ನಡಕ ಹಾಕಿಕೊಂಡು ಮೊದಲು ಓದಿದ್ದು ಅದನ್ನೇ. ಆಮೇಲೆ ಕೆಳಗಿಂದ ಭರ್ರ್ ಅಂದಾಗ ಪಕ್ಕದ ಸೀಟಿನ ಹುಡುಗಿ ಬೆಚ್ಚಿಬಿದ್ದಳು. ಅಮ್ಮ ಅವಳ ಕಡೆ ತಿರುಗಿ, "ಏನಿಲ್ಲ ಕಣಮ್ಮ, ಅದು ಹಸಿರು-ಹಳದಿ ಜಗಳ" ಅಂದರು.