ಸಾಲಿಟನ್‌ಗಳು ಒಂದನ್ನೊಂದು ಹಾದು ಹೋಗುತ್ತವೆ ಅಂದಮೇಲೆ ಜೋಡಿಯಾಗಿ ಅಂಟಿಕೊಳ್ಳುವುದು ಹೇಗೆ?

ಸಾಲಿಟನ್‌ಗಳು (ಆಕಾರ ಕೆಡದೆ ಸಾಗುವ ಒಂಟಿ ಅಲೆಗಳು) ಡಿಕ್ಕಿಯಾದರೂ ಏನೂ ಆಗದ ಹಾಗೆ ಹಾದು ಹೋಗುತ್ತವೆ ಅಂತ ಪುಸ್ತಕದಲ್ಲಿದೆ, ಆದರೆ ‘ಸಾಲಿಟನ್ ಅಣು’ (ಅಂಟಿಕೊಂಡ ಸಾಲಿಟನ್ ಜೋಡಿ) ಅಂತಲೂ ಓದಿದೆ, ಎರಡೂ ಹೇಗೆ ನಿಜ ಅಂತ ಕೇಳಿದ್ದೀರಿ. ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಫೈಬರ್ ಲೇಸರ್ ಮೇಲೆ ಕೆಲಸ ಮಾಡುತ್ತೇನೆ. ಈ ಜೋಡಿಗಳನ್ನು ನೋಡುವುದೆಂದರೆ ನನಗೆ ಇವತ್ತಿಗೂ ಖುಷಿ.

‘ಏನೂ ಆಗದ ಹಾಗೆ’ ಅನ್ನುವುದು ಪೂರ್ತಿ ನಿಜ ಅಲ್ಲ. 1965ರಲ್ಲಿ ಝಬುಸ್ಕಿ ಮತ್ತು ಕ್ರುಸ್ಕಲ್ ಕಂಪ್ಯೂಟರಿನಲ್ಲಿ ನೋಡಿದ್ದು ಇದನ್ನೇ: ಡಿಕ್ಕಿಯ ನಂತರ ಆಕಾರ, ವೇಗ ಹಾಗೇ ಇರುತ್ತವೆ. ಆದರೆ ಇರಬೇಕಾದ ಜಾಗದಿಂದ ಸ್ವಲ್ಪ ಸರಿದಿರುತ್ತವೆ. ಅಂದರೆ ಒಂದು ಇನ್ನೊಂದನ್ನು ಮುಟ್ಟಿದೆ, ಅಲ್ವಾ? ವೇಗ ಬೇರೆಬೇರೆ ಇದ್ದಾಗ ಅಷ್ಟಕ್ಕೇ ಮುಗಿಯುತ್ತದೆ. ವೇಗ ಒಂದೇ ಆದರೆ ಅವು ಅಕ್ಕಪಕ್ಕದಲ್ಲೇ ಉಳಿಯುತ್ತವೆ, ಬಾಲಗಳು ಒಂದರ ಮೇಲೊಂದು ಬೀಳುತ್ತವೆ.

ಗಾಜಿನ ಫೈಬರ್‌ನಲ್ಲಿ ಇದರ ಲೆಕ್ಕ ಹಾಕಿದವರು ಗಾರ್ಡನ್, 1983ರಲ್ಲಿ. ಅಲ್ಲಿ ಸಾಲಿಟನ್ ಅಂದರೆ ಬೆಳಕಿನ ಒಂದು ಪಲ್ಸ್, ಅಂದರೆ ಕ್ಷಣಮಾತ್ರದ ಮಿಂಚು. ಎರಡೂ ಪಲ್ಸ್‌ಗಳ ಫೇಸ್ (ಅಲೆಯ ಏರಿಳಿತದ ಹಂತ) ಒಂದೇ ಇದ್ದರೆ ಸೆಳೆತ. ಫೇಸ್ ಪೂರ್ತಿ ಉಲ್ಟಾ ಇದ್ದರೆ ತಳ್ಳಾಟ. ಅಂತರ ಜಾಸ್ತಿಯಾದ ಹಾಗೆ ಎರಡೂ ಬಹಳ ಬೇಗ ಕಡಿಮೆಯಾಗುತ್ತವೆ.

ಆದರೆ ಸೆಳೆತ ಇದೆ ಅಂದ ಮಾತ್ರಕ್ಕೆ ಬಂಧ ಇದೆ ಅಂತಲ್ಲ. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ನಷ್ಟವೇ ಇಲ್ಲದ ಆದರ್ಶ ಸಮೀಕರಣದಲ್ಲಿ ಜೋಡಿಯ ಬಂಧನ ಶಕ್ತಿ ಸೊನ್ನೆ. ಬಿಡಿಸಲು ಶಕ್ತಿಯೇ ಬೇಕಿಲ್ಲ, ಸುಮ್ನೆ ಒಂದು ಸಣ್ಣ ಅಲುಗಾಟ ಸಾಕು. ಪಲ್ಸ್ ತುಂಬಾ ಚಿಕ್ಕದಾದರೆ ಆ ಅಲುಗಾಟ ಗಾಜಿನಿಂದಲೇ ಬರುತ್ತದೆ, ಅದೂ ರಾಮನ್ ಪರಿಣಾಮದಿಂದ (ಬೆಳಕು ತನ್ನ ಶಕ್ತಿಯನ್ನು ಸ್ವಲ್ಪ ಗಾಜಿನ ಕಂಪನಕ್ಕೆ ಬಿಟ್ಟುಕೊಡುವುದು). ಹೌದು, ಮೇಖ್ರಿ ಸರ್ಕಲ್ ಹತ್ತಿರ ಯಾರ ಹೆಸರಿನ ಸಂಸ್ಥೆ ಇದೆಯೋ ಅದೇ ಸಿ.ವಿ. ರಾಮನ್.

ಗಟ್ಟಿ ಬಂಧ ಸಿಗುವುದು ಲೇಸರ್ ಒಳಗೆ. ಅಲ್ಲಿ ಪ್ರತಿ ಸುತ್ತಿನಲ್ಲೂ ಬೆಳಕು ಸ್ವಲ್ಪ ಕಳೆದುಹೋಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಈ ಕೊಡು-ಕೊಳ್ಳುವಿಕೆಯಲ್ಲಿ ಕೆಲವೇ ಅಂತರ, ಕೆಲವೇ ಫೇಸ್ ಬಾಳಿಕೆ ಬರುತ್ತವೆ. ಸ್ವಲ್ಪ ತಳ್ಳಿದರೆ ಜೋಡಿ ಮತ್ತೆ ಅಲ್ಲಿಗೇ ಮರಳುತ್ತದೆ. ಲೇಸರ್ ಇಲ್ಲದೆಯೂ ಒಂದು ದಾರಿ ಇದೆ: ಡಿಸ್ಪರ್ಷನ್ (ಬೇರೆಬೇರೆ ಬಣ್ಣ ಬೇರೆಬೇರೆ ವೇಗದಲ್ಲಿ ಸಾಗುವುದು) ಬದಲಾಗುತ್ತಾ ಹೋಗುವ ಹಾಗೆ ಜೋಡಿಸಿದ ಫೈಬರ್. 2005ರಲ್ಲಿ ಮಿಟ್ಶ್ಕೆ ತಂಡ ಅದರಲ್ಲಿ ಸಾಲಿಟನ್ ಅಣುವನ್ನು ತೋರಿಸಿತು.

ಲ್ಯಾಬ್‌ನಲ್ಲಿ ಇದು ಕಾಣುವ ರೀತಿ ಹೇಳುತ್ತೇನೆ. ಪಂಪ್ ಪವರ್ (ಲೇಸರ್‌ಗೆ ತುಂಬುವ ಶಕ್ತಿ) ಏರಿಸುತ್ತಾ ಹೋದರೆ ಒಂದು ಹಂತದ ಮೇಲೆ ಪಲ್ಸ್ ದಪ್ಪ ಆಗುವುದಿಲ್ಲ, ಎರಡನೆಯದು ಹುಟ್ಟುತ್ತದೆ. ಅವು ಜೋಡಿಯಾದ ಕೂಡಲೇ ಸ್ಪೆಕ್ಟ್ರಮ್ ಅನಲೈಸರ್ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಉಪಕರಣ) ಪರದೆಯಲ್ಲಿ ನುಣುಪಾದ ಗುಡ್ಡದ ಮೇಲೆ ಪಟ್ಟಿ ಪಟ್ಟಿಯಾಗಿ ಸೀಳು ಬೀಳುತ್ತದೆ. 1550 ನ್ಯಾನೋಮೀಟರ್ ಬೆಳಕಿನಲ್ಲಿ ಪಟ್ಟಿಗಳ ನಡುವೆ ಸುಮಾರು 8 ನ್ಯಾನೋಮೀಟರ್ ಇದ್ದರೆ ಪಲ್ಸ್‌ಗಳ ನಡುವೆ 1 ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ) ಅಂತರ. ನಟ್ಟನಡುವೆ ಶಿಖರ ಇದ್ದರೆ ಒಂದೇ ಫೇಸ್, ತಗ್ಗು ಇದ್ದರೆ ಉಲ್ಟಾ. ಪೋಲರೈಸೇಶನ್ ಕಂಟ್ರೋಲರನ್ನು (ಬೆಳಕಿನ ಕಂಪನದ ದಿಕ್ಕು ಬದಲಿಸುವ ಸಾಧನ) ಒಂಚೂರು ತಿರುಗಿಸಿದರೆ ಪಟ್ಟಿಗಳು ಮಾಸಿಹೋಗಬಹುದು. ಆಗಲೂ ಪಲ್ಸ್ ಎರಡೂ ಇರಬಹುದು, ಆದರೆ ಫೇಸ್ ಕೈತಪ್ಪಿರುತ್ತದೆ. 2017ರಲ್ಲಿ ಹೆರಿಂಕ್ ಮತ್ತು ಸಂಗಡಿಗರು ಒಂದೊಂದು ಸುತ್ತಿನ ಸ್ಪೆಕ್ಟ್ರಮ್ಮನ್ನೂ ಬೇರೆಬೇರೆಯಾಗಿ ಹಿಡಿದು, ಜೋಡಿ ಒಳಗೊಳಗೇ ಕಂಪಿಸುವುದನ್ನು ತೋರಿಸಿದರು. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಮೊದಲು ಓದಬೇಕಾದ ಪ್ರಯೋಗ ಅದು.

ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇದ್ದರೆ ಸ್ಪ್ಲಿಟ್-ಸ್ಟೆಪ್ ಫೋರಿಯರ್ (ಫೈಬರ್ ಒಳಗಿನ ಪಲ್ಸನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಲೆಕ್ಕ ಹಾಕುವ ವಿಧಾನ) ಕೋಡ್ ಬರೆದು ನೋಡಿ. ಒಂದೇ ಫೇಸ್‌ನ, ಒಂದೇ ಎತ್ತರದ ಎರಡು ಪಲ್ಸ್ ಬಿಟ್ಟರೆ ಕೂಡುತ್ತವೆ, ಬೇರೆಯಾಗುತ್ತವೆ, ಮತ್ತೆ ಕೂಡುತ್ತವೆ. ಆಮೇಲೆ ಒಂದರ ಎತ್ತರ ಮಾತ್ರ 10% ಜಾಸ್ತಿ ಮಾಡಿ, ಅವು ಡಿಕ್ಕಿಯಾಗುವುದೇ ನಿಂತುಹೋಗುತ್ತದೆ. ಯಾಕೆ ಅಂತ ಲೆಕ್ಕ ಹಾಕಿ ಇಲ್ಲೇ ಬರೆಯಿರಿ, ಮುಂದೆ ಮಾತಾಡೋಣ.