ಗಿಡ್ಡ ತೋಳಿನ ಹತ್ತಿ ಸ್ವೆಟರ್ ಅನ್ನು ಕತ್ತಿನಿಂದ ಕೆಳಕ್ಕೆ ಹೆಣೆಯುವುದು ಹೇಗೆ?

ಹತ್ತಿ ಗಿರಣಿಗಳಿಂದ ಹೆಸರಾದ ನಮ್ಮ ದಾವಣಗೆರೆಯ ಚಳಿಗೆ ಹತ್ತಿ ನೂಲೇ ಸಾಕು. ಕತ್ತಿನಿಂದ ಶುರು ಮಾಡಿದರೆ ಬಿಡಿ ಭಾಗ ಜೋಡಿಸಿ ಹೊಲಿಯುವ ಕೆಲಸವಿಲ್ಲ, ನಡುನಡುವೆ ತೊಟ್ಟೂ ನೋಡಬಹುದು.

10 ಸೆಂ.ಮೀ.ಗೆ 20 ಕುಣಿಕೆ ಬರುವ ನೂಲಾದರೆ, ಸರ್ಕ್ಯುಲರ್ ಕಡ್ಡಿಯಲ್ಲಿ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) 80 ಕುಣಿಕೆ ಹಾಕಿ ಸುತ್ತು ಕೂಡಿಸಿ: ಎದೆಗೆ 28, ಬೆನ್ನಿಗೆ 28, ತೋಳುಗಳಿಗೆ 12-12. ನಾಲ್ಕೂ ಗಡಿಗೆ ಬಣ್ಣದ ದಾರ ಕಟ್ಟಿ. ಸುತ್ತು ಬಿಟ್ಟು ಸುತ್ತು, ಪ್ರತಿ ಗುರುತಿನ ಎರಡೂ ಪಕ್ಕ ಒಂದೊಂದು ಕುಣಿಕೆ ಹೆಚ್ಚಿಸಿ, ಆ ಸುತ್ತಿಗೆ ಒಟ್ಟು 8. ಕಂಕುಳ ತಲುಪಿದಾಗ ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಟ್ಟು, ಎರಡೂ ಕಂಕುಳಲ್ಲಿ ತಲಾ 6-8 ಹೊಸ ಕುಣಿಕೆ ಹಾಕಿ ಮೈ ಮುಂದುವರಿಸಿ. ತೋಳು ಕೊನೆಗೆ, ನಾಲ್ಕು ಬೆರಳಗಲ ಸಾಕು.

ಎಚ್ಚರ ಬೇಕಿರುವುದು ಹತ್ತಿಯ ಗುಣದ ಬಗ್ಗೆ. ಉಣ್ಣೆಯಂತೆ ಅದು ಹಿಗ್ಗಿ ಮತ್ತೆ ಕುಗ್ಗುವುದಿಲ್ಲ, ತನ್ನ ಭಾರಕ್ಕೇ ಜೋಲುತ್ತದೆ. ನನ್ನ ಮೊದಲ ಸ್ವೆಟರ್ ಒಗೆದು ಹಗ್ಗಕ್ಕೆ ಹಾಕಿದ್ದೆ. ಸಂಜೆ ತೊಟ್ಟರೆ ಅಂಚು ತೊಡೆ ಮುಟ್ಟುತ್ತಿತ್ತು, ಅತ್ತೇಬಿಟ್ಟೆ. ಈಗ ಗೇಣಗಲದ ಮಾದರಿ ಹೆಣೆದು, ಒಗೆದು, ಒಣಗಿಸಿಯೇ ಕುಣಿಕೆ ಎಣಿಸುತ್ತೇನೆ. ಮೈಯ ಉದ್ದವನ್ನು ಬೇಕಿರುವುದಕ್ಕಿಂತ ಎರಡು ಬೆರಳು ಕಮ್ಮಿ ಹೆಣೆಯಿರಿ. ಒಗೆದ ಮೇಲೆ ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ.