ಓದುಗರ ಪ್ರಶ್ನೆ: ಸ್ವಿಸ್ ಆಟೊಮ್ಯಾಟಿಕ್ ಕ್ರೊನೊಗ್ರಾಫ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಕಾರ್ಖಾನೆಯೊಂದರ ಯಂತ್ರ ವಿಭಾಗದಲ್ಲಿ ಮೇಲ್ವಿಚಾರಕನಾಗಿದ್ದು ಈಚೆಗೆ ನಿವೃತ್ತನಾದವನು. ಇಷ್ಟು ವರ್ಷ ಎಚ್‌ಎಂಟಿ ಜನತಾ ವಾಚಿಗೆ ಬೆಳಿಗ್ಗೆ ಕೀಲಿ ಕೊಟ್ಟು ಕಟ್ಟಿಕೊಂಡಿದ್ದೇನೆ. ಈಗ ಸ್ವಿಸ್ ಆಟೊಮ್ಯಾಟಿಕ್ ಕ್ರೊನೊಗ್ರಾಫ್ ಒಂದನ್ನು, ಅಂದರೆ ಕೈಯ ಅಲುಗಾಟದಿಂದ ತಾನೇ ಕೀಲಿ ಸುತ್ತಿಕೊಳ್ಳುವ, ಸ್ಟಾಪ್‌ವಾಚೂ ಇರುವ ವಾಚನ್ನು, ಕೊಳ್ಳುವ ಆಸೆ ಇದೆ. ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಎರಡು ವಾಚು ನೋಡಿದೆ. ಒಂದರೊಳಗೆ ಇರುವುದು ಇಟಿಎ ಎಂಬ ಸ್ವಿಸ್ ಯಂತ್ರ ತಯಾರಕರ ‘ಸಿ01.211’ ಯಂತ್ರ, ಇನ್ನೊಂದರೊಳಗೆ ‘ವಾಲ್‌ಜೂ 7750’. ಎರಡನೆಯದರ ಬೆಲೆ ಬಹಳ ಹೆಚ್ಚು. ಎರಡರ ಮೇಲೂ ‘ಸ್ವಿಸ್ ಮೇಡ್’ ಎಂದೇ ಇರುವಾಗ ಈ ಅಂತರಕ್ಕೆ ಅರ್ಥವಿದೆಯೇ? (ರಾಜಾಜಿನಗರದ ಓದುಗರು)

ಉತ್ತರ: ಅರ್ಥವಿದೆ. ಆದರೆ ಆ ಅರ್ಥ ಡಯಲಿನ ಮೇಲಿನ ಹೆಸರಿನಲ್ಲಿಲ್ಲ, ಅದರ ಹಿಂದಿರುವ ಯಂತ್ರದಲ್ಲಿದೆ. ನೀವು ಯಂತ್ರಗಳ ನಡುವೆಯೇ ಕೆಲಸ ಮಾಡಿದವರಾದ್ದರಿಂದ ಆ ಯಂತ್ರದಿಂದಲೇ ಲೆಕ್ಕ ಹಾಕುವುದು ನಿಮಗೆ ಸುಲಭವಾಗುತ್ತದೆ.

‘ಸ್ವಿಸ್ ಮೇಡ್’ ಎಂಬ ಮುದ್ರೆ ಎಷ್ಟನ್ನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. 2017ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ವಾಚಿನ ತಯಾರಿಕಾ ವೆಚ್ಚದಲ್ಲಿ ಕನಿಷ್ಠ ಶೇ. 60ರಷ್ಟು ಸ್ವಿಟ್ಜರ್ಲೆಂಡಿನಲ್ಲಿ ಆಗಿರಬೇಕು, ಒಳಗಿನ ಯಂತ್ರ ಸ್ವಿಸ್ ಆಗಿರಬೇಕು, ಅದನ್ನು ಕವಚದೊಳಗೆ ಕೂರಿಸುವ ಕೆಲಸವೂ ಕೊನೆಯ ತಪಾಸಣೆಯೂ ಅಲ್ಲೇ ನಡೆದಿರಬೇಕು. ಉಳಿದ ಭಾಗದಲ್ಲಿ ಕವಚ, ಡಯಲ್, ಪಟ್ಟಿ ಮುಂತಾದವು ಬೇರೆ ದೇಶದಿಂದ ಬಂದಿರಬಹುದು, ಅದರಲ್ಲಿ ಮೋಸವೇನೂ ಇಲ್ಲ. ಆದರೆ ಈ ಮುದ್ರೆ ಒಂದು ಕನಿಷ್ಠ ಮಟ್ಟವನ್ನು ಮಾತ್ರ ಖಾತರಿಪಡಿಸುವುದರಿಂದ, ಮುದ್ರೆಯಿರುವ ಎರಡು ವಾಚುಗಳು ಗುಣದಲ್ಲಿ ಸಮ ಎಂದು ಭಾವಿಸಲು ಕಾರಣವಿಲ್ಲ.

ಈಗ 7750ರ ವಿಚಾರ. ಆಟೊಮ್ಯಾಟಿಕ್ ಕ್ರೊನೊಗ್ರಾಫ್ ಎಂಬುದೇ 1969ರವರೆಗೆ ಜಗತ್ತಿನಲ್ಲಿ ಇರಲಿಲ್ಲ. ಆ ವರ್ಷ ಜೆನಿತ್, ಹೋಯರ್ ಮತ್ತು ಬ್ರೈಟ್ಲಿಂಗ್ ಇದ್ದ ಕೂಟ, ಜಪಾನಿನ ಸೀಕೊ, ಈ ಮೂರೂ ಕಡೆಯಿಂದ ಅದು ಬಂತು. ಅದಾದ ಕೆಲವೇ ವರ್ಷಗಳಲ್ಲಿ ಎಡ್ಮಂಡ್ ಕ್ಯಾಪ್ ಎಂಬ ವಿನ್ಯಾಸಕಾರರು ರೂಪಿಸಿದ ಯಂತ್ರ 7750. ಬ್ಯಾಟರಿಯಿಂದ ಓಡುವ ಕ್ವಾರ್ಟ್ಸ್ ವಾಚುಗಳ ಹೊಡೆತಕ್ಕೆ ಸಿಕ್ಕಿ ಅದರ ತಯಾರಿಕೆ ಕೆಲಕಾಲ ನಿಂತೇಹೋಗಿ, 1980ರ ದಶಕದಲ್ಲಿ ಮತ್ತೆ ಆರಂಭವಾಯಿತು. ಹಳೆಯ ಉತ್ತಮ ಕ್ರೊನೊಗ್ರಾಫ್‌ಗಳಲ್ಲಿ ಓಡು, ನಿಲ್ಲು ಎಂಬ ಆಜ್ಞೆಗಳನ್ನು ನಿಯಂತ್ರಿಸಲು ಕಂಬಗಳಿರುವ ಒಂದು ಚಕ್ರವನ್ನು ಕಡೆಯುತ್ತಿದ್ದರು. ಅದು ನೋಡಲು ಸುಂದರ, ಮಾಡಲು ದುಬಾರಿ. 7750ರಲ್ಲಿ ಅದರ ಬದಲು ತಗಡಿನಲ್ಲಿ ಒತ್ತಿ ತೆಗೆದ ಕ್ಯಾಮ್, ಅಂದರೆ ಅಂಚಿನಲ್ಲಿ ಏರುತಗ್ಗಿರುವ ಬಿಲ್ಲೆ, ಇದೆ. ಒಂದೇ ಅಳತೆಯ ಭಾಗಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ಸಾಧ್ಯವಾದದ್ದು ಇದರಿಂದಲೇ. ಗುಂಡಿ ಒತ್ತುವಾಗ ಬೆರಳಿಗೆ ಸ್ವಲ್ಪ ಬಿಗಿ ಅನ್ನಿಸುತ್ತದೆ ಎಂಬುದು ನಿಜ, ಆದರೆ ಅದು ದೋಷವಲ್ಲ. ವ್ಯಾಸ 30 ಮಿಲಿಮೀಟರ್, ದಪ್ಪ 7.9 ಮಿಲಿಮೀಟರ್, ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಹಾಗಾಗಿ ಸೆಕೆಂಡಿನ ಎಂಟನೆಯ ಒಂದು ಭಾಗದವರೆಗೆ ಅದು ಅಳೆಯಬಲ್ಲದು. ಕೈ ಅಲುಗಿದಂತೆ ತಿರುಗುವ ತೂಕದ ಭಾಗವಾದ ರೋಟರ್ ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಇನ್ನೊಂದು ದಿಕ್ಕಿಗೆ ಅದು ತಡೆಯಿಲ್ಲದೆ ಗಿರ್ರನೆ ತಿರುಗುವುದರಿಂದ ಮಣಿಕಟ್ಟಿನ ಮೇಲೆ ಒಂದು ಕಂಪನ ಆಗುತ್ತದೆ. ಮೊದಲ ಸಲ ಕಟ್ಟಿಕೊಂಡವರು ಗಾಬರಿಯಾಗಬೇಕಿಲ್ಲ.

ಇದೇ ಅಳತೆಯಲ್ಲಿ ಸೆಲಿಟಾ ಸಂಸ್ಥೆ ‘ಎಸ್‌ಡಬ್ಲ್ಯು500’ ಎಂಬ ಯಂತ್ರವನ್ನು ಮಾಡುತ್ತದೆ. ಹ್ಯಾಮಿಲ್ಟನ್ ವಾಚುಗಳ ‘ಎಚ್-21’ ಕೂಡ 7750ರ ವಂಶದ್ದೇ, ಅದು ತುಂಬ ಸುತ್ತಿದರೆ 60 ಗಂಟೆ ಓಡುತ್ತದೆ. ಇವುಗಳಲ್ಲಿ ಯಾವುದಿದ್ದರೂ ನನ್ನ ಅಭಿಪ್ರಾಯ ಒಂದೇ. ಇಷ್ಟು ವರ್ಷಗಳಿಂದ ಇಷ್ಟು ಸಂಸ್ಥೆಗಳ ವಾಚುಗಳಲ್ಲಿ ಬಳಕೆಯಾಗಿ ಬಂದಿರುವುದರಿಂದ, ಕ್ರೊನೊಗ್ರಾಫ್ ಬಿಚ್ಚಿ ಜೋಡಿಸಲು ಕಲಿತ ರಿಪೇರಿಗಾರರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಇಪ್ಪತ್ತು ವರ್ಷ ಇಟ್ಟುಕೊಳ್ಳುವ ವಸ್ತುವಿನಲ್ಲಿ ಇದಕ್ಕಿಂತ ದೊಡ್ಡ ಗುಣ ಇಲ್ಲ.

ಸಿ01.211 ಬೇರೆಯ ಆಲೋಚನೆಯಿಂದ ಹುಟ್ಟಿದ್ದು. ಟಿಸೊ, ಸರ್ಟಿನಾ ಸಂಸ್ಥೆಗಳ ಕೆಲವು ಮಾದರಿಗಳಲ್ಲಿ ಇದು ಬಂದಿದೆ. ಲೆಮಾನಿಯಾ 5100 ಎಂಬ ಹಳೆಯ ಕ್ರೊನೊಗ್ರಾಫ್ ಯಂತ್ರದ ದಾರಿಯಲ್ಲಿ ಸಾಗಿ, ಕ್ರೊನೊಗ್ರಾಫ್ ಬೆಲೆಯನ್ನು ಎಷ್ಟು ಇಳಿಸಬಹುದು ಎಂಬ ಲೆಕ್ಕದಿಂದಲೇ ರೂಪಿಸಿದ ಯಂತ್ರ ಇದು: 15 ಕಲ್ಲು (ಸವೆತ ತಡೆಯಲು ಕೂರಿಸುವ ಪುಟ್ಟ ಮಾಣಿಕ್ಯದ ಬೇರಿಂಗ್), ಗಂಟೆಗೆ 21,600 ಬಡಿತ, ಸುಮಾರು 45 ಗಂಟೆಯ ಓಟ, ಕೆಲವು ಭಾಗಗಳು ಲೋಹದ ಬದಲು ಕೃತಕ ವಸ್ತುವಿನವು. ಪ್ಲಾಸ್ಟಿಕ್ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ, ನಾನು ಆ ಪಕ್ಷದವನಲ್ಲ. ಎಣ್ಣೆಯ ಅಗತ್ಯ ಕಡಿಮೆಯಾಗುವ ಜಾಗದಲ್ಲಿ ಅಂಥ ವಸ್ತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹದಿನೈದು ವರ್ಷದ ನಂತರ ಇದು ಕೆಟ್ಟರೆ ಬಿಚ್ಚಿ ಸರಿಪಡಿಸುತ್ತಾರೋ ಅಥವಾ ಇಡೀ ಯಂತ್ರವನ್ನೇ ಬದಲಿಸಬೇಕೆನ್ನುತ್ತಾರೋ ಎಂಬುದೇ ನನ್ನನ್ನು ಹಿಂಜರಿಯುವಂತೆ ಮಾಡುವ ಸಂಗತಿ. ಹಣ ಕೊಡುವ ಮೊದಲು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಇದನ್ನು ಕೇಳಿ, ಇಂದಿನ ಸರ್ವಿಸ್ ದರವನ್ನು ಬರಹದಲ್ಲಿ ಪಡೆಯಿರಿ. ಸಾಮಾನ್ಯ ಆಟೊಮ್ಯಾಟಿಕ್ ವಾಚಿಗಿಂತ ಕ್ರೊನೊಗ್ರಾಫ್ ಸರ್ವಿಸ್‌ಗೆ ಹೆಚ್ಚು ಖರ್ಚಾಗುವುದು ಖಚಿತ, ಏಕೆಂದರೆ ಬಿಚ್ಚಬೇಕಾದ ಭಾಗಗಳೇ ಹೆಚ್ಚು.

ಅಂಗಡಿಯಲ್ಲಿ ಎರಡನ್ನೂ ಕಟ್ಟಿ ನೋಡಿ. ಜನತಾದಂಥ ತೆಳ್ಳಗಿನ ವಾಚಿಗೆ ಒಗ್ಗಿದ ಕೈಗೆ ಸುಮಾರು 14 ಮಿಲಿಮೀಟರ್ ಅಥವಾ ಅದಕ್ಕೂ ದಪ್ಪದ ಕ್ರೊನೊಗ್ರಾಫ್ ಭಾರವೆನಿಸುತ್ತದೆ, ತುಂಬು ತೋಳಿನ ಅಂಗಿಯ ಕಫ್ ಅದರ ಮೇಲೆ ಕೂರುವುದೂ ಕಷ್ಟ. ಆಮೇಲೆ ಮೇಲಿನ ಗುಂಡಿ ಒತ್ತಿ ಓಡಿಸಿ, ಮತ್ತೆ ಒತ್ತಿ ನಿಲ್ಲಿಸಿ, ಕೆಳಗಿನ ಗುಂಡಿ ಒತ್ತಿ. ಯಂತ್ರದೊಳಗೆ ಹೃದಯದ ಆಕಾರದ ಬಿಲ್ಲೆಯೊಂದಿದೆ. ಅದರ ಮೇಲೆ ಸುತ್ತಿಗೆಯಂಥ ಭಾಗ ಬಂದು ಬಿದ್ದಾಗ ಬಿಲ್ಲೆ ಎಲ್ಲಿದ್ದರೂ ತಿರುಗಿ ಒಂದೇ ಜಾಗಕ್ಕೆ ಬರುತ್ತದೆ, ಅದರ ಜೊತೆ ಮುಳ್ಳೂ ಸೊನ್ನೆಗೆ ಬರುತ್ತದೆ. ಹಲವು ಸಲ ಹೀಗೆ ಮಾಡಿದಾಗಲೂ ಡಯಲಿನ ನಡುವಿನ ದೊಡ್ಡ ಮುಳ್ಳು (ಸ್ಟಾಪ್‌ವಾಚಿನ ಸೆಕೆಂಡ್ ಮುಳ್ಳು) ಸರಿಯಾಗಿ 12ರ ಗೆರೆಯ ಮೇಲೆಯೇ ನಿಲ್ಲಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ನಿಂತರೂ ಆ ವಾಚು ಬೇಡ, ಅದೇ ಮಾದರಿಯ ಇನ್ನೊಂದನ್ನು ತರಿಸಿ. ಗಾಜು ಸುಲಭವಾಗಿ ಗೀರು ಬೀಳದ ಸಫೈರ್ ಆಗಿದೆಯೇ ಎಂದೂ ಕೇಳಿ, ಈ ಬೆಲೆಯಲ್ಲಿ ಮಿನರಲ್ ಗಾಜನ್ನು ಒಪ್ಪಬೇಡಿ.

ನಿಖರತೆಯ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಕ್ರೊನೊಮೀಟರ್ ಎಂಬ ಪ್ರಮಾಣಪತ್ರ ಪಡೆದ ಯಂತ್ರಕ್ಕೇ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಲು ಅವಕಾಶವಿದೆ, ನೀವು ನೋಡಿದ ವರ್ಗದ ವಾಚುಗಳಿಗೆ ಸಾಮಾನ್ಯವಾಗಿ ಆ ಪ್ರಮಾಣಪತ್ರ ಇರುವುದಿಲ್ಲ.

ನನ್ನ ಸಲಹೆ ಇಷ್ಟು: ನಿವೃತ್ತಿಯ ಹಣಕ್ಕೆ ಪೆಟ್ಟು ಬೀಳದೆ ಸಾಧ್ಯವಾದರೆ 7750 ವಂಶದ್ದನ್ನೇ ಕೊಳ್ಳಿ. ಅದಕ್ಕಾಗಿ ಸಾಲವನ್ನೋ ಠೇವಣಿ ಮುರಿಯುವುದನ್ನೋ ಮಾಡಬೇಕಾದರೆ ಸಿ01.211 ಕೊಂಡು ಸಂತೋಷವಾಗಿ ಕಟ್ಟಿಕೊಳ್ಳಿ, ಅದೂ ಪ್ರಾಮಾಣಿಕವಾದ ವಾಚು.

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಜೊತೆಗಿನ ವ್ಯಾಪಾರ ಒಪ್ಪಂದದಿಂದ ಸ್ವಿಸ್ ವಾಚುಗಳ ಬೆಲೆ ಇಳಿಯುತ್ತದೆ ಎನ್ನುತ್ತಾರೆ. ಕಾಯಬೇಕೇ? ಅಥವಾ ಕಂಪನಿ ಗ್ಯಾರಂಟಿ ಇಲ್ಲದೆ ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುವುದನ್ನು ಕೊಳ್ಳಬಹುದೇ? (ಜಯನಗರದ ಓದುಗರು)

ಉತ್ತರ: ಒಪ್ಪಂದಕ್ಕೆ 2024ರ ಮಾರ್ಚ್‌ನಲ್ಲಿ ಸಹಿಯಾಗಿ, 2025ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದಿದೆ. ಆದರೆ ಆಮದು ಸುಂಕ ಇಳಿಯುವುದು ವರ್ಷಗಳ ಅವಧಿಯಲ್ಲಿ, ಹಂತಹಂತವಾಗಿ. ಅದಕ್ಕಾಗಿ ಕಾಯುತ್ತಾ ಕೂರುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ.

ಗ್ಯಾರಂಟಿ ಇಲ್ಲದ ವಾಚು ಕ್ವಾರ್ಟ್ಸ್ ಆಗಿದ್ದರೆ ಯೋಚಿಸಬಹುದಿತ್ತು. ಕ್ರೊನೊಗ್ರಾಫ್ ವಿಷಯದಲ್ಲಿ ಬೇಡವೆನ್ನುತ್ತೇನೆ. ಇಟಿಎ ಯಂತ್ರಗಳ ಒಡೆತನವಿರುವ ಸ್ವಾಚ್ ಸಮೂಹ ಹೊರಗಿನ ರಿಪೇರಿಗಾರರಿಗೆ ಬಿಡಿಭಾಗ ಕೊಡುವುದನ್ನು ವರ್ಷಗಳ ಹಿಂದೆಯೇ ಬಿಗಿ ಮಾಡಿದೆ. ಅವೆನ್ಯೂ ರಸ್ತೆಯಲ್ಲೋ ಚಿಕ್ಕಪೇಟೆಯಲ್ಲೋ ನಿಮಗೆ ಎಷ್ಟೇ ನುರಿತ ಕೈ ಸಿಕ್ಕರೂ, ಬೇಕಾದ ಒಂದು ಚಕ್ರ ಸಿಗದಿದ್ದರೆ ಅವರಾದರೂ ಏನು ಮಾಡಿಯಾರು? ಮೊದಲ ಎರಡು ವರ್ಷ ಕಂಪನಿಯ ಹೊಣೆ ಇರುವುದು ಒಳ್ಳೆಯದು. ಅಂಗಡಿಯ ಮುದ್ರೆ, ತಾರೀಖು, ವಾಚಿನ ಕ್ರಮಸಂಖ್ಯೆ ಇರುವ ಗ್ಯಾರಂಟಿ ಕಾರ್ಡನ್ನು ಬಿಲ್ಲಿನ ಜೊತೆ ಎತ್ತಿಡಿ.

ಪ್ರಶ್ನೆ: ಹೊಸ ಕ್ರೊನೊಗ್ರಾಫ್ ಕೊಂಡಿದ್ದೇನೆ. ನೋಡಲು ಚೆಂದವೆಂದು ದೊಡ್ಡ ಮುಳ್ಳನ್ನು ಸದಾ ಓಡಿಸುತ್ತೇನೆ. ತಪ್ಪೇ? ಈಗ ಅದು ದಿನಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಮುಂದೆ ಹೋಗುತ್ತಿದೆ. (ವೈಟ್‌ಫೀಲ್ಡ್‌ನ ಓದುಗರು)

ಉತ್ತರ: ಎರಡು ಬೇರೆ ವಿಷಯಗಳು. ಸದಾ ಓಡಿಸಿದರೆ ಯಂತ್ರದ ಮೇಲೆ ಹೊರೆ ಹೆಚ್ಚಿ, ಸವೆತವೂ ಬೇಗ ಆಗುತ್ತದೆ. ಅಳೆಯಲು ಏನಾದರೂ ಇದ್ದಾಗ ಮಾತ್ರ ಓಡಿಸಿ. ಇದ್ದಕ್ಕಿದ್ದಂತೆ ಇಷ್ಟು ಮುಂದೆ ಹೋಗಲು ಬಹುಮಟ್ಟಿಗೆ ಕಾರಣ ಅಯಸ್ಕಾಂತ. ಲ್ಯಾಪ್‌ಟಾಪ್, ಸ್ಪೀಕರ್, ಮುಚ್ಚಳದಲ್ಲಿ ಅಯಸ್ಕಾಂತವಿರುವ ಫೋನ್ ಕವರ್ ಇವುಗಳ ಪಕ್ಕ ರಾತ್ರಿಯಿಡೀ ಇಟ್ಟರೆ ಬಡಿತದ ವೇಗ ನಿರ್ಧರಿಸುವ ಕೂದಲೆಳೆಯಂಥ ಬ್ಯಾಲೆನ್ಸ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಂತಾಗಿ ಬಡಿತ ಹೆಚ್ಚುತ್ತದೆ. ರಿಪೇರಿಗಾರರು ಅಯಸ್ಕಾಂತ ಗುಣ ತೆಗೆಯುವ ಪುಟ್ಟ ಉಪಕರಣದಿಂದ ಕೆಲವೇ ನಿಮಿಷಗಳಲ್ಲಿ ಇದನ್ನು ಸರಿಪಡಿಸುತ್ತಾರೆ, ವಾಚು ಬಿಚ್ಚಬೇಕಾಗಿಲ್ಲ. ಆಮೇಲೂ ಹಾಗೆಯೇ ಓಡಿದರೆ ಗ್ಯಾರಂಟಿ ಕಾರ್ಡಿನ ಸಮೇತ ಅಧಿಕೃತ ಕೇಂದ್ರಕ್ಕೆ ಕೊಡಿ. ಹಾಗೆಯೇ, ರಾತ್ರಿ ಎಂಟರಿಂದ ಬೆಳಗಿನ ಜಾವ ಎರಡರ ನಡುವೆ ತಾರೀಖನ್ನು ಕೈಯಿಂದ ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಚಕ್ರ ತಾನೇ ತಿರುಗಲು ಸಿದ್ಧವಾಗಿರುವುದರಿಂದ ಹಲ್ಲು ಮುರಿಯುವ ಅಪಾಯವಿದೆ.